ಹೊಸ್ತಿಲಿಗೆ ಹಾಸಿದ ಕರಿ ಕಂಬಳಿ

ಹತ್ತನೇ ಕ್ಲಾಸಿನಲ್ಲಿದ್ದಾಗ ನಾನು ದೇವರನ್ನು ಇಡೀ ದೇಶದಿಂದ ಓಡಿಸಿ ಒಂದು ಸ್ಟೀಲ್ ಲೋಟ ಬಹುಮಾನ ತಗೊಂಡಿದ್ದೆ. ಹೊಸದುರ್ಗದ ಹೈಸ್ಕೂಲಿನಲ್ಲಿ ಪ್ರಬಂಧ ಸ್ಪರ್ಧೆ, ವಿಷಯ ‘ಎರಡು ಸಾವಿರದ ಇಸವಿಯಲ್ಲಿ ನಮ್ಮ ನಾಡು’. ನನ್ನ ನಾಡಿನಲ್ಲಿ ಗುಡಿ, ಮಸೀದಿಗಳೆಲ್ಲ ಗೋದಾಮುಗಳಾಗಿದ್ದವು. ಸೈರನ್ ಕೂಗಿದರೆ ಎಲ್ಲರೂ ಏಳಬೇಕು, ಕೂಗಿದರೆ ಮಲಗಬೇಕು. ಯಾರು ಯಾರನ್ನು ಮದುವೆಯಾಗಬೇಕು, ಎಷ್ಟು ಮಕ್ಕಳನ್ನು ಹೆರಬೇಕು ಎಂಬುದನ್ನು ಒಂದು ಯಂತ್ರ ಹೇಳುತ್ತಿತ್ತು. ಯಾರೂ ಯಾರಿಗೂ ಕೈ ಮುಗಿಯುತ್ತಿರಲಿಲ್ಲ. ಇದನ್ನು ನಾನು ಹೆದರಿಸಲಿಕ್ಕೆ ಬರೆದದ್ದಲ್ಲ, ಅಂಥ ಕಾಲ ಬೇಗ ಬರಲಿ ಎಂದು ಬರೆದದ್ದು. ಅಪ್ಪ ಕರಡು ತಿದ್ದಿ, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬರೆದಿದ್ದರು.

ಅಪ್ಪ ಬಾಗೂರಿನಿಂದ ಎರಡು ಮೈಲಿ ಆಚೆ ನಮ್ಮೂರಿನ ಪ್ರೈಮರಿ ಸ್ಕೂಲ್ ಮೇಷ್ಟ್ರು. ದೇವರನ್ನು ನಂಬದವರು ಎಂದು ಸುತ್ತ ಹತ್ತು ಹಳ್ಳಿಗೆ ಹೆಸರಾಗಿದ್ದರು. ಅವರ ತಮ್ಮನಿಗೆ ಸಿಡುಬು ಬಂದಾಗ ಮನೆಯವರು ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ ಕಾಯುತ್ತಾ ಕೂತರಂತೆ. ಹುಡುಗ ಉಳಿಯಲಿಲ್ಲ. ಅಂದಿನಿಂದ ಅಪ್ಪ ನಂಬಿದ್ದು ಸೂಜಿಯನ್ನು, ಡಾಕ್ಟರನ್ನು, ಸರ್ಕಾರವನ್ನು. ಊರ ಮುಂದಿನ ಹುಣಸೆಮರದಲ್ಲಿ ದೆವ್ವ ಇದೆ ಎಂದು ಯಾರೋ ಹೇಳಿದಾಗ ಅದರ ಬುಡದಲ್ಲೇ ಕೂತು ಮುದ್ದೆ ಉಂಡು ಬಂದಿದ್ದರು. ನನಗೆ ಆ ಹಟ ಬಹಳ ಇಷ್ಟ. ಅದು ನನಗೂ ಬಂದಿದೆ. ಅವರ ತಾಳ್ಮೆ ಮಾತ್ರ ಬರಲಿಲ್ಲ.

ಅವ್ವ ಬೇರೆ. ನಾನೊಬ್ಬಳೇ ಮಗಳು. ಗಂಡು ಮಗುವೊಂದು ಬೇಕೆಂದು ಅವಳು ಪ್ರತಿ ಸೋಮವಾರ ಒಪ್ಪತ್ತು ಇರುತ್ತಿದ್ದಳು. ಅಪ್ಪ ಅದು ಕಾಣದವರಂತೆ ಇದ್ದುಬಿಡುತ್ತಿದ್ದರು. ಮೂರು ಸಲ ಬಸಿರು ನಿಲ್ಲದೆ ಹೋಗಿದ್ದ ಹೆಂಗಸಿಗೆ ತರ್ಕ ಹೇಳಲು ಅವರಿಗೂ ಬಾಯಿ ಬರುತ್ತಿರಲಿಲ್ಲವೇನೋ.

ಆಗ ತುರ್ತು ಪರಿಸ್ಥಿತಿಯ ಕಾಲ. ನಮ್ಮ ಹಳ್ಳಿಗೆ ಅದು ಮೊದಲು ಬಂದದ್ದು ಒಂದು ಒಳ್ಳೆಯ ಸುದ್ದಿಯ ಹಾಗೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಕಚೇರಿಯವರು ಕುರ್ಚಿಯಲ್ಲಿ ಇರುತ್ತಿದ್ದರು. ನನ್ನ ಸೈರನ್ನಿನ ನಾಡು ಹತ್ತಿರವಾಯಿತು ಎಂದು ನಾನೂ ಹಿಗ್ಗಿದ್ದೆ. ಆಮೇಲೆ ಮೇಷ್ಟ್ರುಗಳಿಗೆ ‘ಕೇಸು’ ತರುವ ಕೆಲಸ ಬಂತು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಗಂಡಸರನ್ನು ಒಪ್ಪಿಸಿ ಪೇಟೆಯ ಕ್ಯಾಂಪಿಗೆ ಕಳಿಸಬೇಕು. ಒಬ್ಬೊಬ್ಬ ಮೇಷ್ಟ್ರಿಗೆ ಇಷ್ಟು ಎಂದು ಲೆಕ್ಕ, ತರದಿದ್ದರೆ ಸಸ್ಪೆಂಡ್. ಅಪ್ಪ ಮನೆಮನೆಗೆ ಹೋಗಿ, ನಾಲ್ಕೈದು ಮಕ್ಕಳಿದ್ದವರಿಗೆ ತಿಳಿಸಿ ಹೇಳಿ, ಒಪ್ಪಿದವರನ್ನಷ್ಟೇ ಕಳಿಸಿದರು. ಕೊನೆಗೆ ಒಂದು ಕೇಸು ಕಡಿಮೆ ಬಿತ್ತು.

ಒಂದು ಸಂಜೆ ಗ್ರಾಮಸೇವಕ ನಮ್ಮ ಜಗಲಿಗೆ ಬಂದು ಕೂತ. ನಾನು ಒಳಗೆ ರಾಗಿ ಕೇರುತ್ತಿದ್ದೆ.

“ಮೇಷ್ಟ್ರೆ, ಎಲ್ಲಾರ್ದೂ ಮುಗೀತು. ನಿಮ್ದೊಂದೇ ಬಾಕಿ ಐತೆ. ಆ ಕಂಬಳಿ ನೇಯೋ ಮೂಗನ್ನ ಬರ್ಕಂಡಿದೀನಿ. ಎರಡು ಮಕ್ಕಳವೆ ಅಂತ ಹಾಕಿದೀನಿ.”

“ಅವನಿಗಿನ್ನೂ ಮದುವೇನೇ ಆಗಿಲ್ವಲ್ರಿ,” ಅಂದರು ಅಪ್ಪ.

“ಅದ್ಕೇ ಹೇಳಿದ್ದು. ಬಂದು ಅಳಕೆ ಹೆಂಡ್ತಿ ಇಲ್ಲ, ಬೇಡ ಅನ್ನಕೆ ಅವನಿಗೆ ಬಾಯಿಲ್ಲ. ನಾಡಿದ್ದು ಜೀಪು ಬರ್ತೈತೆ.”

ಅಪ್ಪ ಈಗ ಬೇಡ ಅನ್ನುತ್ತಾರೆ ಎಂದು ನಾನು ಮೊರ ಹಿಡಿದೇ ಕಾದೆ. ಅವರು ಬೇಡ ಅನ್ನಲಿಲ್ಲ. ಗ್ರಾಮಸೇವಕ ಎಲೆ ಅಡಿಕೆ ಹಾಕಿಕೊಂಡು ಹೊರಟುಹೋದ.

ಅವನು ಹೇಳಿದ ‘ಮೂಗ’ ನನ್ನ ಗೆಳತಿಯ ಅಣ್ಣ. ಇಪ್ಪತ್ತೆರಡು ವರ್ಷ, ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಪ್ಪ ಇಲ್ಲದ ಮನೆಯನ್ನು ಅವನೇ ನಡೆಸುತ್ತಿದ್ದ. ಮಗ್ಗದ ಗುಂಡಿಯಲ್ಲಿ ಕೂತರೆ ಮೈಯೆಲ್ಲ ಕಣ್ಣಾಗಿ ನೇಯುವವನು. ಹಿರಿಯೂರು ಕಡೆಯ ಸೋದರಮಾವನ ಮಗಳ ಜೊತೆ ಮದುವೆ ಗೊತ್ತಾಗಿತ್ತು, ಸುಗ್ಗಿ ಕಳೆಯುವುದನ್ನೇ ಕಾಯುತ್ತಿದ್ದರು. ಮದುವೆಗೆಂದು ಒಂದು ಕರಿ ಕಂಬಳಿಯನ್ನು ಅವನೇ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಒಣಗಿಸಿ, ಸೂರಿಗೆ ಕಟ್ಟಿದ ಬಿದಿರು ಗಳುವಿನ ಮೇಲೆ ಮಡಚಿಟ್ಟಿದ್ದ. ಹುಡುಗಿಗೆ ತೋರಿಸಲೆಂದು ಅದರ ಅಂಚಿನಲ್ಲಿ ಬಿಳಿ ಉಣ್ಣೆಯ ಎರಡು ಗೆರೆ ಹಾಕಿದ್ದ. ನಾವು ಆ ಎರಡು ಗೆರೆ ತೋರಿಸಿ ರೇಗಿಸಿದರೆ ನಾಚಿಕೊಂಡು ಗುಂಡಿಯೊಳಕ್ಕೆ ಇನ್ನಷ್ಟು ಬಗ್ಗುತ್ತಿದ್ದ.

ನಾನು ಅಪ್ಪನ ಎದುರು ಹೋಗಿ ನಿಂತೆ. “ನೀನು ಬೇಡ ಅನ್ಲಿಲ್ಲ.”

“ಸಸ್ಪೆಂಡ್ ಆದ್ರೆ ಉಣ್ಣದೇನವ್ವ?”

“ಮಣ್ಣು ತಿನ್ನಾಣ!”

ಅವ್ವ ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಅಪ್ಪ ಗೋಡೆ ಕಡೆ ತಿರುಗಿ ಕೂತರು. ಅವರನ್ನು ನಾನು ಅಷ್ಟು ಪ್ರೀತಿಸುತ್ತಿದ್ದೆ, ಆದ್ದರಿಂದ ಆ ಸಂಜೆ ಅಷ್ಟೇ ದ್ವೇಷಿಸಿದೆ. ನನ್ನ ಪ್ರಬಂಧವನ್ನು ತೆಗೆದು ಓದಿದೆ. ಗೆಳತಿಯ ಅಣ್ಣ ಆ ನಾಡಿನಲ್ಲಿ ಎಲ್ಲಿ ಓಡಿಹೋಗಿ ನಿಲ್ಲಬಹುದು ಎಂದು ಹುಡುಕಿದೆ. ಯಂತ್ರ ಇತ್ತು, ಗೋದಾಮು ಇತ್ತು. ಇವನನ್ನು ಮುಟ್ಟಕೂಡದು ಎಂದು ಆ ಯಂತ್ರಕ್ಕೆ ಹೇಳಬಲ್ಲವರು ಯಾರೂ ಇರಲಿಲ್ಲ. ಹಾಗೆ ಬರೆದು ಲೋಟ ತಗೊಂಡವಳು ನಾನೇ.

ಮಾರನೆಯ ದಿನ ನಾವು ಮೂವರು ಮಗ್ಗದ ಮನೆಯಲ್ಲಿ ಸೇರಿದೆವು. ನಾನು, ಗೆಳತಿ, ಪೇಟೆಯ ಸೈಕಲ್ ಶಾಪ್‌ನವರ ಮಗ. ಅವನು ನಮ್ಮ ಕ್ಲಾಸಿನವನೇ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಓಡುತ್ತಿದ್ದ ಅವನನ್ನು ನಾನು ವರ್ಷವೆಲ್ಲ ಗೇಲಿ ಮಾಡಿದ್ದೆ. ಜೀಪು ಹತ್ತು ಗಂಟೆಗೆ ಹೊರಡುತ್ತದೆ ಎಂಬ ಸುದ್ದಿ ತಂದವನು ಅವನೇ.

“ರಾಮಗಿರಿ ಗುಡ್ಡಕ್ಕೆ ಹೋಗಾಣ, ಅಲ್ಲಿ ಬಚ್ಚಿಡಾಣ,” ಅಂದ. ಅಣ್ಣನಿಗೆ ಕೈಸನ್ನೆಯಲ್ಲಿ ಹೇಳಿದೆವು. ಅವನು ತಲೆ ಅಲ್ಲಾಡಿಸಿ ಮಗ್ಗವನ್ನು ತಟ್ಟಿ ತೋರಿಸಿದ. ತನ್ನ ಮನೆಯಿಂದ ತಾನೇ ಕಳ್ಳನ ಹಾಗೆ ಯಾಕೆ ಓಡಲಿ ಎಂಬುದು ಅವನ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಆಗ ಗೆಳತಿ ಗಳುವಿನ ಮೇಲಿದ್ದ ಕಂಬಳಿ ಕಡೆ ನೋಡಿದಳು. “ಗದ್ದಿಗೆ ಹಾಕಾಣ,” ಅಂದಳು.

ನಮ್ಮ ಕಡೆ ಕಂಬಳಿ ಬರೀ ಹೊದಿಕೆಯಲ್ಲ. ಅದನ್ನು ಮಡಚಿ ಹಾಸಿ, ಮೇಲೆ ಭಂಡಾರ ಎಂದು ಕರೆಯುವ ಅರಿಶಿನ ಪುಡಿ ಚೆಲ್ಲಿ, ಎಲೆ ಅಡಿಕೆ, ಕಾಯಿ ಇಟ್ಟರೆ ಅದು ದೇವರು ಕೂತ ಗದ್ದಿಗೆ. ಚಪ್ಪಲಿ ಕಾಲಿನವರು ಅದರ ಹತ್ತಿರ ಸುಳಿಯುವುದಿಲ್ಲ, ಯಾರೂ ದಾಟುವುದಿಲ್ಲ. ಒಮ್ಮೆ ಗದ್ದಿಗೆಯಾದ ಕಂಬಳಿಯ ಮೇಲೆ ಆಮೇಲೆ ಯಾರೂ ಮಲಗುವಂತಿಲ್ಲ, ಅದು ದೇವರದು. ಅದನ್ನು ಹೊಸ್ತಿಲಿಗೆ ಹಾಸಿಬಿಟ್ಟರೆ ಒಳಗಿರುವವನನ್ನು ಮುಟ್ಟುವವರು ಯಾರು?

“ಭಲೇ ಉಪಾಯ!” ಅಂತ ನಾನು ಚಪ್ಪಾಳೆ ಹೊಡೆದೆ.

ಗೆಳತಿ ದುರುಗುಟ್ಟಿ ನೋಡಿದಳು. “ಉಪಾಯ ಅಲ್ಲ ಕಣೇ. ಸುಳ್ಳು ಗದ್ದಿಗೆ ಹಾಕಂಗಿಲ್ಲ. ಮನಸ್ಸಲ್ಲಿ ಇಲ್ದಿದ್ರೆ ನೀನು ದೂರ ನಿಂತ್ಕ.”

“ಐತೆ,” ಅಂದೆ. ಅದು ಸುಳ್ಳು. ಇಲ್ಲ ಅಂದರೆ ನನ್ನನ್ನು ಹೊರಗಿಟ್ಟುಬಿಡುತ್ತಾರೆ ಎಂದು ಹೇಳಿದ್ದು.

ಜೀಪು ಬರುವ ದಿನ ಬೆಳಿಗ್ಗೆ ಬಾವಿಯಲ್ಲಿ ನೀರು ಸೇದಿ ತಲೆಗೆ ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ನಡೆದೆವು. ಗದ್ದಿಗೆ ಹಾಕುತ್ತಿದ್ದ ಗೆಳತಿಯ ತಾತ ತೀರಿಹೋಗಿದ್ದ. ಅಣ್ಣನೇ ತನ್ನ ಮದುವೆಯ ಕಂಬಳಿಯನ್ನು ಇಳಿಸಿ ಹೊಸ್ತಿಲಿಗೆ ಅಡ್ಡಲಾಗಿ ಹಾಸಿದ. ತಾತ ಹೇಳುತ್ತಿದ್ದ ಮಾತುಗಳನ್ನು ಅವನ ಪರವಾಗಿ ಗೆಳತಿ ಹೇಳಿದಳು. ನಡುವೆ ಎರಡು ಕಡೆ ಮರೆತು ಮತ್ತೆ ಮೊದಲಿನಿಂದ ಹೇಳಿದಳು. ಸೈಕಲ್ ಶಾಪ್‌ನವರ ಮಗ ಮನೆಯಿಂದ ತಂದಿದ್ದ ಲೋಬಾನವನ್ನು ಕೆಂಡದ ಮೇಲೆ ಹಾಕಿ, “ನಮ್ ದರ್ಗಾದಾಗೂ ಚಪ್ಲಿ ಬಿಟ್ಟೇ ಬರ್ಬೇಕು,” ಎಂದು ಮೆಲ್ಲಗೆ ಅಂದ. ನಾನು ಭಂಡಾರ ಚೆಲ್ಲಬೇಕಿತ್ತು. ಮುಷ್ಟಿ ತುಂಬಿಕೊಂಡು ನಿಂತೆ. ಸುಳ್ಳು ಹೇಳಿ ಒಳಗೆ ಬಂದವಳು ಎಂಬ ಭಯ ಒಂದು ಕಡೆ, ಒಳಗೆ ಕೂತವನ ಬೆನ್ನು ಕಾಣುತ್ತಿದ್ದದ್ದು ಒಂದು ಕಡೆ. ಮನಸ್ಸಿನಲ್ಲೇ ಹೇಳಿದೆ: ನೀನು ಇದ್ದರೆ ಇವತ್ತು ಇಲ್ಲೇ ಇರು, ಇಲ್ಲದಿದ್ದರೂ ಇರು. ನನ್ನ ಬಾಳಿನ ಮೊದಲ ಪ್ರಾರ್ಥನೆ ಅದು, ಒಂದು ರೀತಿಯಲ್ಲಿ ಜಗಳವೇ. ಭಂಡಾರ ಬಿತ್ತು. ಆಮೇಲೆ ನನಗೆ ಹೆದರಿಕೆ ಇರಲಿಲ್ಲ. ಯಾಕೆ ಎಂದು ಈಗಲೂ ವಿವರಿಸಲಾರೆ.

ಹನ್ನೊಂದರ ಹೊತ್ತಿಗೆ ಜೀಪು ಬಂತು. ಮುಂದೆ ಪ್ಯಾಂಟು ತೊಟ್ಟ ಕ್ಯಾಂಪಿನ ಸಾಹೇಬ, ಹಿಂದೆ ಪೊಲೀಸ್ ಪೇದೆ, ಗ್ರಾಮಸೇವಕ, ಕೊನೆಯಲ್ಲಿ ತಲೆ ತಗ್ಗಿಸಿಕೊಂಡ ನಮ್ಮಪ್ಪ. ಊರೂ ಬಂದು ನಿಂತಿತು. ನಾವು ಮೂವರೂ ಗದ್ದಿಗೆಯ ಪಕ್ಕ ಕೂತಿದ್ದೆವು. ಒಳಗೆ ಮಗ್ಗ ಟಕ್ ಟಕ್ ಎನ್ನುತ್ತಲೇ ಇತ್ತು.

“ಒಳಗೆ ಹೋಗಿ ಕರ್ಕೊಂಡು ಬಾ,” ಎಂದು ಸಾಹೇಬ ಡ್ರೈವರಿಗೆ ಹೇಳಿದ. ಡ್ರೈವರ್ ಹೊಸ್ತಿಲು ನೋಡಿದ, ಚಪ್ಪಲಿ ಬಿಟ್ಟು ನಿಂತ. “ಗದ್ದಿಗೆ ಐತೆ ಸಾ. ನಾನು ದಾಟಲ್ಲ.” ಪೇದೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಗ್ರಾಮಸೇವಕ ಜೀಪಿನ ಹಿಂದಕ್ಕೆ ಸರಿದ. ಸಾಹೇಬನೇ ಬೂಟುಕಾಲು ಮುಂದಿಟ್ಟ.

ನಾನು ಎದ್ದೆ. “ದಾಟ್ರಿ ಸಾರ್, ದಾಟ್ರಿ. ಮದುವೆ ಆಗ್ದೋನಿಗೆ ಎರಡು ಮಕ್ಕಳು ಬರ್ದಿದೀರಲ್ಲ, ಇದನ್ನೂ ದಾಟ್ರಿ. ಊರೆಲ್ಲ ನೋಡ್ಲಿ.”

ಊರು ಒಂದು ಹೆಜ್ಜೆ ಹತ್ತಿರ ಬಂತು. ಸಾಹೇಬ ಕಾಲು ಹಿಂದಕ್ಕೆ ತೆಗೆದ. ಆದರೆ ಅವನು ದಡ್ಡನಲ್ಲ. ಸುತ್ತ ನೋಡಿ ಅಪ್ಪನನ್ನು ಕರೆದ. “ಮೇಷ್ಟ್ರೇ, ನಿಮಗೆ ದೇವರಿಲ್ಲವಂತಲ್ಲ. ಈ ಕಂಬಳಿ ತೆಗೀರಿ.”

ನಮಗೆ ಮರೆತೇಹೋಗಿತ್ತು. ಗದ್ದಿಗೆಗೆ ಹೆದರದ ಮನುಷ್ಯ ಆ ಊರಿನಲ್ಲಿ ಒಬ್ಬರೇ, ಅವರು ನನ್ನಪ್ಪ.

ಅಪ್ಪ ಮುಂದೆ ಬಂದರು. ಕಂಬಳಿಯ ಅಂಚಿನ ಎರಡು ಬಿಳಿ ಗೆರೆ ನೋಡಿದರು. ಹಣೆತುಂಬ ಭಂಡಾರ ಬಳಿದುಕೊಂಡು, ಒದ್ದೆ ಲಂಗದಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ ಬಗ್ಗಿ, ತಮ್ಮ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟರು.

“ನಂಗೆ ದೇವರಿಲ್ಲ ಸಾರ್,” ಅಂದರು. “ಆದ್ರೆ ಇದನ್ನ ನಾನು ತೆಗಿಯಲ್ಲ. ಕೇಸು ತಾನೆ ಬೇಕಾಗಿರದು? ನನ್ನೇ ಬರ್ಕಳ್ರಿ.”

“ನಿಮಗೆ ಒಬ್ಬಳೇ ಮಗಳಂತಲ್ರೀ?”

“ಒಬ್ಬಳು ಸಾಕು ಸಾರ್. ನೋಡ್ರಿ, ಏನ್ ಮಾಡ್ಯಾಳೆ.”

ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಗುಂಪಿನಲ್ಲಿ ಅವ್ವ ಕಂಡಳು. ಅವಳು ನಗುತ್ತಿರಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಂದು ಸೋಮವಾರ ಎಂದು ಆಗ ನೆನಪಾಯಿತು. ಅಪ್ಪ ಬರಿಗಾಲಿನಲ್ಲೇ ಹೋಗಿ ಜೀಪು ಹತ್ತಿದರು. ಧೂಳು ಅಡಗುವವರೆಗೂ ಯಾರೂ ಅಲುಗಲಿಲ್ಲ. ಒಳಗೆ ಮಗ್ಗ ಟಕ್ ಟಕ್ ಎನ್ನುತ್ತಲೇ ಇತ್ತು. ಹೊರಗೆ ಏನಾಯಿತೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಎರಡು ದಿನ ಅವ್ವ ನನ್ನೊಡನೆ ಮಾತಾಡಲಿಲ್ಲ. ಮಾಡಿದ್ದು ತಪ್ಪು ಎಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಆದರೆ ನನ್ನ ಪ್ರಾರ್ಥನೆ ನಡೆದದ್ದು ಅವ್ವನ ಅಷ್ಟು ವರ್ಷದ ಸೋಮವಾರಗಳ ಮೇಲೆ ಕಾಲಿಟ್ಟು ಎಂಬುದನ್ನು ಅವಳ ಮುಖ ನೋಡಿ ತಿಳಿದುಕೊಂಡೆ. ಸ್ಟೀಲ್ ಲೋಟವನ್ನು ತಿಪ್ಪೆಗೆ ಎಸೆದು ಬಂದೆ. ಅವ್ವ ಅದನ್ನು ಎತ್ತಿ ತಂದು, ಬೂದಿ ಹಾಕಿ ತಿಕ್ಕಿ, ಮತ್ತೆ ನೀರು ಕುಡಿಯಲು ಇಟ್ಟಳು.

ಮೂರನೆಯ ದಿನ ಅಪ್ಪನನ್ನು ಬಾಡಿಗೆ ಗಾಡಿಯಲ್ಲಿ ತಂದು ಇಳಿಸಿದರು. ಮುಖ ಬಿಳಿಚಿಕೊಂಡಿತ್ತು, ಕಾಲು ಅಗಲಿಸಿ ನಿಧಾನವಾಗಿ ನಡೆದರು. ಅವರು ಜಗಲಿ ಹತ್ತುವ ಹೊತ್ತಿಗೆ ಗೆಳತಿಯ ಅವ್ವನೂ ಅಣ್ಣನೂ ಬಂದರು. ಅಣ್ಣನ ಎರಡು ಕೈಯ ಮೇಲೆ ಆ ಕರಿ ಕಂಬಳಿ, ಮಡಿಕೆಯಲ್ಲಿ ಇನ್ನೂ ಅರಿಶಿನ. ಅವನು ಅದನ್ನು ನಮ್ಮ ಹೊಸ್ತಿಲಲ್ಲಿ ಇಟ್ಟು ಎದ್ದು ನಿಂತ.

“ಇದು ದೇವರು ಕುಂತ ಕಂಬಳಿ,” ಅಂದಳು ಗೆಳತಿಯ ಅವ್ವ. “ಇದರ ಮ್ಯಾಲೆ ಯಾರೂ ಮಲಗಂಗಿಲ್ಲ. ಮೇಷ್ಟ್ರು ಮಲಗ್ಲಿ.”

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅವ್ವ ಹೇಳಗೊಡಲಿಲ್ಲ. ಕಂಬಳಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು, ನಡುಮನೆಯಲ್ಲಿ ಅವಳೇ ಹಾಸಿದಳು. ಒಂದು ಸುಕ್ಕೂ ಇಲ್ಲದ ಹಾಗೆ ಕೈಯಿಂದ ಸವರಿದಳು. “ಹಿಡ್ಕ ಬಾರೇ ನಿಮ್ಮಪ್ಪನ್ನ,” ಎಂದು ನನ್ನನ್ನು ಕರೆದಳು.