ಮ್ಯಾಂಡೊಲಿನ್ ತಲೆಯ ಕುಂಕುಮ

ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಮ್ಯಾಂಡೊಲಿನ್ ತಲೆಯ ಮೇಲೆ ಇಡುವಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಒರೆಸ್ಬೇಡ ಕಣೋ. ಅದು ನಿಮ್ಮಪ್ಪ ಇಟ್ಟಿರೋ ಕುಂಕುಮ."

ಅಪ್ಪ ಈಗಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಮಗ್ಗಕ್ಕೆ ಇಟ್ಟ ಕೈಯಲ್ಲೇ ಅವರು ತಮ್ಮ ಮ್ಯಾಂಡೊಲಿನ್‌ಗೂ ಕುಂಕುಮ ಇಡುತ್ತಿದ್ದರು. ಹಳೆಯದನ್ನು ಒರೆಸದೆ ಅದರ ಮೇಲೇ ಇಟ್ಟು ಇಟ್ಟು ಬಿಲ್ಲೆಯಂತೆ ಗಟ್ಟಿಯಾಗಿತ್ತು. ವಾದ್ಯದ ವಯಸ್ಸು ತಿಳಿಯಲೇಬೇಕೆಂದು ನಾನು ಹಟ ಹಿಡಿದಿದ್ದೆ. ಫೋಟೊ ನೋಡಿದ ರಿಪೇರಿಯವರು, ತಂತಿ ಬಿಗಿಯುವ ಕೀಲಿಗಳು ಹೊಸವು, ಅವುಗಳಿಂದ ವಯಸ್ಸು ತಿಳಿಯದು, ತಯಾರಿಸಿದವರ ಹೆಸರು ಆ ಕುಂಕುಮದ ಅಡಿಯಲ್ಲೇ ಇರಬೇಕು, ಅದು ಸಿಕ್ಕರೆ ಕಾಲ ಹೇಳಬಹುದು ಎಂದಿದ್ದರು.

ಅಮ್ಮ ಬಿಡಲಿಲ್ಲ, ನಾನೂ ಬಿಡಲಿಲ್ಲ. ಹಲ್ಲಿನ ಡಾಕ್ಟರ್ ಬಳಸುವಂಥ ಪುಟ್ಟ ಕನ್ನಡಿ ತಂದು, ವಾದ್ಯದ ಹೊಟ್ಟೆಯ ತೂತಿನೊಳಗೆ ಇಳಿಸಿ, ಮೊಬೈಲ್ ಟಾರ್ಚ್ ಬಿಟ್ಟೆ. ಒಳಗಿನ ಮರದ ಪಟ್ಟಿಯ ಮೇಲೆ ಮಾಡಿದವರು ಪೆನ್ಸಿಲ್‌ನಲ್ಲಿ ಇಸವಿ ಬರೆದಿದ್ದರು. ಅಪ್ಪ ಹುಟ್ಟುವುದಕ್ಕೂ ಹಿಂದಿನ ಇಸವಿ ಅದು.

ಅಮ್ಮನಿಗೆ ಹೇಳಿದೆ. ಅವಳು ಆ ಬಿಲ್ಲೆಯನ್ನು ಬೆರಳಿಂದ ಸವರಿದಳು. "ಅವ್ರು ತಂದ ದಿನಾನೇ ಇದ್ರ ಮೇಲೆ ಕುಂಕುಮ ಇತ್ತು. ಅಂಗಡಿಯವ್ರು ಇಟ್ಟಿದ್ದು ಅಂದ್ಕೊಂಡಿದ್ದೆ. ಹಾಗಾದ್ರೆ ಇದು ಮೊದ್ಲು ಬೇರೆ ಯಾರ್ದೋ ಮನೇಲಿತ್ತು, ಆ ಕುಂಕುಮ ಅವ್ರ ಮನೇದು. ಅದನ್ನೂ ಒರೆಸ್ಬೇಡ."

ಈ ಸಲದ ಆಯುಧಪೂಜೆಗೆ ನಾನೇ ಕುಂಕುಮ ಇಟ್ಟೆ. ವಾದ್ಯದ ವಯಸ್ಸು ಗೊತ್ತಾಗಿದೆ. ಮಾಡಿದವರ ಹೆಸರು ಗೊತ್ತಿಲ್ಲ. ಅದನ್ನು ಮುಚ್ಚಿದವರಲ್ಲಿ ಈಗ ನಾನೂ ಒಬ್ಬ.