ನೀರು ತುಂಬುವ ಹಬ್ಬದ ದಿನ ಕೊಳ ಖಾಲಿ ಮಾಡಲು ಹೊರಟದ್ದು

ಹಾವು ಬೀಳಬಹುದಿತ್ತು. ಬೇವಿನ ಎಲೆ ಉದುರಿ ಕೊಳೆತು, ನೀರೆಲ್ಲ ಕಷಾಯವಾಗಬಹುದಿತ್ತು. ಪಕ್ಕದ ಮನೆಯ ಆಕಳು ಗೇಟು ತಳ್ಳಿಕೊಂಡು ಬಂದು ಜಾರಬಹುದಿತ್ತು. ನೀರು ಹಾಗೇ ಬಿಟ್ಟರೆ ಪಾಚಿ ಕಟ್ಟಬಹುದಿತ್ತು, ತೆಗೆದರೆ ಹಗಲಿನ ಬಿಸಿಲಿಗೆ, ರಾತ್ರಿಯ ಥಂಡಿಗೆ ಟೈಲ್ಸು ಸಿಡಿಯಬಹುದಿತ್ತು. ಮೋಟಾರಿನ ಕರೆಂಟು ನೀರಿಗೆ ಇಳಿಯಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ, ನನ್ನ ಹೆಂಡತಿಗೆ ಎದೆಯಲ್ಲಿ ಕಫ ಕಟ್ಟಿ, ಕಲಬುರಗಿಯ ಯಾವುದೋ ಆಸ್ಪತ್ರೆಯ ವರಾಂಡದಲ್ಲಿ ನಾನು ಹಣ್ಣಿನ ಚೀಲ ಹಿಡಿದು ಕೂತಿರಬಹುದಿತ್ತು. ಈ ಕೊನೆಯದನ್ನು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದೆನೆಂದರೆ, ಚೀಲದಲ್ಲಿದ್ದದ್ದು ಮೋಸಂಬಿ ಎಂಬುದೂ ನನಗೆ ಗೊತ್ತಿತ್ತು.

ಅಫಜಲಪುರದಲ್ಲಿ ಹಿತ್ತಲಲ್ಲೇ ಈಜುಕೊಳ ಇದೆ ಎಂದರೆ ಜನ ಏನೇನೋ ತಿಳಿದುಕೊಳ್ಳುತ್ತಾರೆ. ನಾನು ಕಾಲೇಜಿನಲ್ಲಿ ಭೂಗೋಳ ಕಲಿಸುವವನು. ಮನೆ ಕಟ್ಟುವಾಗ ನೀರಿಗೆಂದು ತೋಡಿಸಿದ ಟಾಕಿಯೊಂದಿತ್ತು. ಮೊಣಕಾಲು ನೋವಿನ ಹೆಂಡತಿಗೆ ಡಾಕ್ಟರು ‘ನೀರಾಗ ಅಡ್ಡಾಡ್ರಿ’ ಅಂದದ್ದೇ ನೆಪವಾಗಿ, ಅದನ್ನೇ ಉದ್ದ ಮಾಡಿಸಿ ಟೈಲ್ಸು ಹಾಕಿಸಿದೆ. ನೀರು ಅವಳ ಎದೆಮಟ್ಟ. ಅಡ್ಡಾಡಲು ಇಳಿದವಳು ಈಜು ಕಲಿಯುತ್ತೇನೆಂದು ಹಟ ಹಿಡಿದಳು. ತವರೂರು ಕಿಣ್ಣಿ ಸುಲ್ತಾನದಿಂದ ಅವಳ ತಮ್ಮ ಬಂದು, ತಾನು ಬಾವಿಯಲ್ಲಿ ಕಲಿತ ರೀತಿಯಲ್ಲೇ ಅಕ್ಕನೂ ಕಲಿಯಲೆಂದು ಎರಡು ಒಣ ಸೋರೆಬುರುಡೆಗಳನ್ನು ಹಗ್ಗಕ್ಕೆ ಕಟ್ಟಿಕೊಟ್ಟು ಹೋದ. ಅವನ್ನು ಸೊಂಟಕ್ಕೆ ಬಿಗಿದುಕೊಂಡು, ಹಳೆಯ ಚೂಡಿದಾರದಲ್ಲಿ, ದಿನಾ ಬೆಳಿಗ್ಗೆ ಅವಳು ಕೈಕಾಲು ಬಡಿಯುವುದು. ನಾನು ಟವೆಲ್ಲು, ಉದ್ದನೆಯ ಬಿದಿರುಕೋಲು ಹಿಡಿದು ದಂಡೆಯಲ್ಲಿ ನಿಲ್ಲುವುದು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬುರುಡೆ ಬಿಚ್ಚಿಟ್ಟಳು. ಇನ್ನೊಂದನ್ನೂ ಬಿಚ್ಚಿ, ಕಾಲು ನೆಲಕ್ಕೆ ಹಚ್ಚದೆ ಆಚೆ ದಂಡೆ ಮುಟ್ಟಬೇಕು. ಅಲ್ಲಿಯವರೆಗೆ ಕೊಳ ಮುಚ್ಚಬಾರದು. ಇದು ಅವಳ ಕರಾರು. ಸೀಗಿ ಹುಣ್ಣಿಮೆ ಆಯಿತು, ಬೆಳಗಿನ ಗಾಳಿ ಕಿವಿ ಕಚ್ಚತೊಡಗಿತು. ನನ್ನ ಜೀವ ತಡೆಯಲಿಲ್ಲ.

“ಈ ರವಿವಾರ ನೀರು ತೆಗೆಯೂದು.”

“ಇನ್ನೊಂದು ವಾರ ತಡೀರಿ.”

“ಥಂಡಿ ಬಿದ್ದದ.”

“ನೀರಾಗ ಇರಾಕಿ ನಾನು. ಸ್ವೆಟರ್ ಹಾಕ್ಕೊಂಡು ದಂಡಿ ಮ್ಯಾಲ ನಿಂತು ನೀವ್ಯಾಕ ನಡಗಾಕತ್ತೀರಿ?”

ಮುಂದಿನ ರವಿವಾರವೂ ಇದೇ ಮಾತು. ಕಡೆಗೆ, ಇವಳನ್ನು ಕೇಳಿದರೆ ಆಗುವುದಲ್ಲ ಎಂದು, ದೀಪಾವಳಿ ರಜೆಯ ಮೊದಲ ದಿನವೇ ಕೊಳ ಮುಚ್ಚಲು ಪೇಟೆಯಿಂದ ತಾಡಪತ್ರಿ ತಂದು, ಬಾಡಿಗೆ ಮೋಟಾರು ಹಚ್ಚಿಯೇಬಿಟ್ಟೆ. ಪೈಪಿನಿಂದ ನೀರು ಬೇವಿನ ಬುಡಕ್ಕೆ ಹರಿಯತೊಡಗಿತು. ಹಬ್ಬಕ್ಕೆಂದು ಕೊಳಕೂರಿನಿಂದ ಬಂದಿದ್ದ ನನ್ನ ಅವ್ವ ಸಪ್ಪಳ ಕೇಳಿ ಹಿತ್ತಲಿಗೆ ಬಂದಳು.

“ಏನ್ ಮಾಡಾಕತ್ತೀಯಪಾ?”

“ಚಳಿಗಾಲ ಬಂತಲ್ಲವ್ವ, ನೀರು ಖಾಲಿ ಮಾಡಾಕತ್ತೇನಿ.”

“ಇವತ್ತ?”

ಮುಂಗಾರು ಯಾವಾಗ ಹಿಂದಕ್ಕೆ ಸರಿಯುತ್ತದೆ, ಉತ್ತರದ ಗಾಳಿ ಯಾವಾಗ ಬೀಸುತ್ತದೆ ಎಂಬುದನ್ನೆಲ್ಲ ಲೆಕ್ಕ ಹಾಕಿದ್ದ ನಾನು, ಅಂದು ನೀರು ತುಂಬುವ ಹಬ್ಬ ಎಂಬುದನ್ನು ಮಾತ್ರ ನೋಡಿರಲಿಲ್ಲ.

“ಊರ ಮಂದಿ ಹಂಡೆ, ಕೊಡ ತಿಕ್ಕಿ ನೀರು ತುಂಬಾಕತ್ತಾರ. ನೀ ತುಂಬಿದ್ದನ್ನ ಚೆಲ್ಲಾಕ ನಿಂತೀಯಲ್ಲ ಲೇ! ಮ್ಯಾಲ ಮಾಸ್ತರ್ ಬ್ಯಾರೆ! ಬಂದ್ ಮಾಡು ಮೊದಲ!”

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. ನಗು ತಡೆಯಲು ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದಳು. ಮೋಟಾರು ನಿಲ್ಲಿಸಿದೆ. ಅಷ್ಟಕ್ಕೇ ಬಿಡಲಿಲ್ಲ, ಇಳಿದುಹೋದ ಎರಡು ಬೆರಳಿನಷ್ಟು ನೀರನ್ನು ನನ್ನ ಕೈಯಿಂದಲೇ, ಕೊಡದಲ್ಲಿ, ಮತ್ತೆ ತುಂಬಿಸಿದಳು ಅವ್ವ. ಸಂಜೆಗೆ ಹಂಡೆಯ ಜೊತೆ ಕೊಳದ ದಂಡೆಗೂ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಿತ್ತು. ಹಂಡೆಯ ಕೊರಳಿಗೆ ಸುತ್ತುವ ಹಿಂಡಲಕಾಯಿ ಬಳ್ಳಿ ಬಂತು, ಚೆಂಡುಹೂ ಬಂತು, ಊದಿನಕಡ್ಡಿ ಹೊಗೆಯಾಡಿತು. ನಾನು ಮುಚ್ಚಲು ಹೊರಟಿದ್ದ ಕೊಳಕ್ಕೆ ನನ್ನ ಕೈಯಲ್ಲೇ ಕಾಯಿ ಒಡೆಸಿದರು.

“ಪಾಡ್ಯ ಮುಗಿಯೂ ತನಕ ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ” ಎಂದು ಅವ್ವನ ಹುಕುಂ.

ಪಾಡ್ಯ ಮುಗಿದ ಮರುದಿನ ಬೆಳಿಗ್ಗೆ, ಮತ್ತೆ ಅದೇ ಥಂಡಿ, ಅದೇ ಬಿದಿರುಕೋಲು. ಬಾಡಿದ ಚೆಂಡುಹೂ ಅಲ್ಲೊಂದು ಇಲ್ಲೊಂದು ತೇಲುತ್ತಿದ್ದವು. ಹೆಂಡತಿ ನೀರಿಗೆ ಇಳಿದವಳು, ಸೊಂಟದ ಹಗ್ಗ ಬಿಚ್ಚಿ ಕೊನೆಯ ಬುರುಡೆಯನ್ನು ದಂಡೆಯಲ್ಲಿ ಕೂತಿದ್ದ ಅವ್ವನ ಕೈಗೆ ಕೊಟ್ಟಳು.

“ಅತ್ತಿ, ಇದನ್ನ ಹಿಡೀರಿ.”

ನಾನು ಹಿಂದೆ ತಿರುಗಿ ನೋಡಿದೆ. ಮೂಲೆಯಲ್ಲಿ ಬಾಡಿಗೆ ಮೋಟಾರು ಇನ್ನೂ ಬಿದ್ದಿತ್ತು, ವೈರಿನ ಮೇಲೆ ಇಬ್ಬನಿ.

“ಜರಾ ನಿಲ್ಲು. ಪ್ಲಗ್ ತೆಗೆದೇನೋ ಇಲ್ಲೋ ನೋಡಿ ಬರ್ತೇನಿ.”

ತೆಗೆದಿದ್ದೆ. ಎದ್ದ ಕೂಡಲೇ ನೋಡಿದ್ದೆ, ಚಹಾ ಕುಡಿದ ಮೇಲೂ ನೋಡಿದ್ದೆ. ಈಗಲೂ ಹೊರಗೇ ನೇತಾಡುತ್ತಿತ್ತು. ಅಷ್ಟು ಸಾಲದೆಂದು ಮನೆಯ ಮುಂದಕ್ಕೆ ಹೋಗಿ ಮೇನ್ ಸ್ವಿಚ್ಚನ್ನೂ ಆರಿಸಿದೆ. ಫ್ರಿಜ್ಜು ಗುರ್ರೆಂದು ಸುಮ್ಮನಾಯಿತು. ಹಾಲು ಕೆಡಬಹುದು ಎನಿಸಿತು. ಹಾಕಲೋ ಬಿಡಲೋ ಎಂದು ನಿಂತಿದ್ದಾಗ ಹಿತ್ತಲಿನಿಂದ ಅವ್ವ ಕೂಗಿಕೊಂಡಳು.

ಮೋಸಂಬಿ ಕಣ್ಣ ಮುಂದೆ ಬಂತು. ಓಡಿದೆ.

ಹೆಂಡತಿ ಆಚೆಯ ದಂಡೆಗೆ ಎರಡೂ ಕೈ ಹಚ್ಚಿ ಏದುಸಿರು ಬಿಡುತ್ತಿದ್ದಳು, ನಗುತ್ತಿದ್ದಳು. ಜಡೆಗೆ ಒಂದು ಚೆಂಡುಹೂ ಅಂಟಿತ್ತು. ಅವ್ವ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಡೋಲಿನಂತೆ ಬಡಿಯುತ್ತಿದ್ದಳು.

“ನೋಡಿದ್ರೇನ್ರಿ?” ಎಂದಳು ಹೆಂಡತಿ.

ನಾನು ಬಾಯಿ ತೆರೆಯುವ ಮೊದಲೇ ಅವ್ವ, “ಎಲ್ಲಿ ನೋಡ್ತಾನವ, ಕರೆಂಟ್ ಕಾಯಾಕ ಹೋಗಿದ್ದ” ಎಂದಳು.

ಹೆಂಡತಿಯ ನಗು ಅರ್ಧಕ್ಕೆ ನಿಂತಿತು. ಮುಖದ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಂಡಳು.

“ಇನ್ನೊಮ್ಮೆ ಹೋಗು, ನೋಡ್ತೇನಿ” ಎಂದೆ.

“ಈಗ ದಮ್ಮಿಲ್ಲ. ನಾಳಿ ತೋರಸ್ತೇನಿ. ಆ ತಾಡಪತ್ರಿ ಮಡಚಿ ಇಡ್ರಿ.”

ಮರುದಿನ ತೋರಿಸಿದಳು, ಅದರ ಮರುದಿನವೂ. ಎಳ್ಳಮಾವಾಸ್ಯೆ ಹತ್ತಿರ ಬಂದಾಗ ತಾನಾಗಿಯೇ ಸಾಕೆಂದಳು. ಆಮೇಲೆ ನೀರು ತೆಗೆದು ಮುಚ್ಚಿದೆವು. ಹಾವು ಬೀಳಲಿಲ್ಲ, ಟೈಲ್ಸು ಸಿಡಿಯಲಿಲ್ಲ, ಯಾರ ಎದೆಯಲ್ಲೂ ಕಫ ಕಟ್ಟಲಿಲ್ಲ. ಹಾಲು ಕೂಡ ಕೆಡಲಿಲ್ಲ. ಬೇಸಿಗೆಯಿಂದ ದಿನಾ ದಂಡೆಯಲ್ಲಿ ಕಾವಲು ನಿಂತವನು, ಅವಳು ಮೊದಲ ಸಲ ದಾಟಿದಾಗ ಮಾತ್ರ ಮನೆಯ ಮುಂದೆ ಮೀಟರ್ ಬೋರ್ಡು ನೋಡುತ್ತ ನಿಂತಿದ್ದೆ.