ಅಪ್ಪನನ್ನು ಕೂರಿಸಿದ ನೃತ್ಯ

ತಂಗಿ ಕುಣಿಯುವ ತಂಡ ಗೋಣಿಕೊಪ್ಪಲಿಗೆ ಬರುತ್ತದೆ ಅಂತ ಗೊತ್ತಾದಾಗ ನನಗೆ ಖುಷಿಗಿಂತ ಕಿರಿಕಿರಿಯೇ ಜಾಸ್ತಿ ಆಯಿತು. ಅವಳದು ಭರತನಾಟ್ಯವೂ ಅಲ್ಲ, ಸಿನಿಮಾ ಕುಣಿತವೂ ಅಲ್ಲ, ಮಾಡರ್ನ್ ಡ್ಯಾನ್ಸ್. ಗೆಜ್ಜೆ ಇಲ್ಲ, ಒಡವೆ ಇಲ್ಲ, ಒಂದೊಂದು ಸಲ ಹಾಡೂ ಇಲ್ಲ. ನಾನು ಕುಶಾಲನಗರದಲ್ಲಿ ಗೊಬ್ಬರ, ಔಷಧಿ ಮಾರುವವನು. ದಿನವಿಡೀ ಶುಂಠಿ ಬೆಳೆಯುವವರ ಹತ್ತಿರ ಗಂಟಲು ಹರಿದುಕೊಳ್ಳುವವನಿಗೆ ಕತ್ತಲಲ್ಲಿ ಸುಮ್ಮನೆ ಕೂತು ನೋಡುವ ತಾಳ್ಮೆ ಎಲ್ಲಿಂದ ಬರಬೇಕು? ಆದರೆ ಅವಳು ಫೋನಿನಲ್ಲಿ ಪಟ್ಟು ಬಿಡಲಿಲ್ಲ. "ನೀನ್ ಬರ್ದಿದ್ರೂ ಪರವಾಗಿಲ್ಲ ಅಣ್ಣ, ಅವ್ವನ್ನ ಕಳ್ಸು. ಹೊಸಾದೊಂದು ಮಾಡಿದ್ದೀನಿ. ಅಪ್ಪನ ಬಗ್ಗೆ."

ಅಪ್ಪನ ಬಗ್ಗೆ ಅಂದಮೇಲೆ ಬೇಡ ಅನ್ನುವುದು ಹೇಗೆ? ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಂಗಡಿಯನ್ನು ಹುಡುಗರಿಗೆ ಒಪ್ಪಿಸಿ, ನಮ್ಮೂರು ಶಿರಂಗಾಲದಿಂದ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅಮ್ಮತ್ತಿಯಲ್ಲಿ ಅವ್ವನ ತಂಗಿಯ ಮನೆ ಇದೆ, ಪ್ರದರ್ಶನ ಮುಗಿಯುವವರೆಗೆ ಅಲ್ಲೇ ಉಳಿದೆವು.

ಕಾಲೇಜಿನ ಸಭಾಂಗಣ. ಮೊದಲ ಸಂಜೆ ತಂಡದ ಹಳೆಯ ನೃತ್ಯಗಳು, ಮರುದಿನ ಸಂಜೆ ಹೊಸವು. ಹಳೆಯದರಲ್ಲಿ ಒಂದನ್ನು ನಾನು ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದಲೂ ಆಡುತ್ತಿದ್ದಾರಂತೆ. ಹೆಂಗಸರು ಸಾಲಾಗಿ ಬಗ್ಗುತ್ತಾರೆ, ಏಳುತ್ತಾರೆ, ಮತ್ತೆ ಬಗ್ಗುತ್ತಾರೆ, ಅಷ್ಟೆ. ನಾನು ಆಕಳಿಸುತ್ತಿದ್ದೆ. ಅವ್ವ ಮಾತ್ರ ಕಣ್ಣು ಮಿಟುಕಿಸದೆ ನೋಡಿದಳು. "ಎಷ್ಟ್ ಚೆನ್ನಾಗ್ ಬಗ್ತಾವ್ರೆ ನೋಡು. ನಮ್ ನಾಟಿ ಹೆಂಗಸ್ರು ಹಿಂಗ್ ಬಗ್ಗಿದ್ರೆ ಗದ್ದೆ ಮಧ್ಯಾಹ್ನಕ್ಕೇ ಮುಗ್ದೋಗದು" ಅಂತ ಜೋರಾಗಿಯೇ ಹೇಳಿದಳು. ಮುಂದಿನ ಸಾಲಿನ ಯಾರೋ ಎಸ್ಟೇಟ್ ಮಾಲೀಕರು ತಿರುಗಿ ನೋಡಿದರು. ನೋಡಿಕೊಳ್ಳಲಿ. ಎಷ್ಟೋ ದಿನದ ಮೇಲೆ ಅವ್ವ ಅಷ್ಟು ಗೆಲುವಾಗಿದ್ದಳು.

ಮರುದಿನ ತಂಗಿಯದು ಮೊದಲಿಗೇ ಇತ್ತು. ಬೆಳಕು ಬಂದಾಗ ವೇದಿಕೆ ಮೇಲೆ ಒಂದು ಕಂಬ, ಅದರ ಪಕ್ಕ ಒಂದು ಬೆಂಚು, ಬೆಂಚಿನ ಮೇಲೆ ಅಂಗಾತ ಮಲಗಿದ ಒಬ್ಬ ಹುಡುಗ. ಅವನ ಎರಡೂ ಕಾಲಿನ ಹೆಬ್ಬೆರಳು ಜೋಡಿಸಿ ಬಿಳಿ ಬಟ್ಟೆ ಕಟ್ಟಿತ್ತು. ಅದನ್ನು ಕಂಡ ಕೂಡಲೇ ಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತಾಯಿತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಅದಕ್ಕೇ ಜೀವ ಹೋದ ತಕ್ಷಣ, ಮೈ ಸೆಟೆದುಕೊಳ್ಳುವ ಮುಂಚೆ, ಕಾಲು ಮಡಿಸಿಬಿಡಬೇಕು. ಮನೆಯಲ್ಲಾದರೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಹೋದದ್ದು ಮೈಸೂರಿನ ಆಸ್ಪತ್ರೆಯಲ್ಲಿ. ಜೊತೆಯಲ್ಲಿದ್ದ ಚಿಕ್ಕಪ್ಪ ಅಳುತ್ತಾ ಕೂತರೇ ಹೊರತು, ನಾವು ಕೂರಿಸುವ ಜನ, ಕಾಲು ಮಡಿಸಿಕೊಡಿ ಅಂತ ಬಾಯಿಬಿಟ್ಟು ಕೇಳಲಿಲ್ಲ. ಅಲ್ಲಿಯವರು ಎಲ್ಲರಿಗೂ ಮಾಡುವಂತೆ ಕಾಲು ನೀಡಿಸಿ, ಹೆಬ್ಬೆರಳಿಗೆ ಬಟ್ಟೆ ಕಟ್ಟಿ ಕಳಿಸಿದರು. ಊರು ಮುಟ್ಟುವಷ್ಟರಲ್ಲಿ ಅಪ್ಪ ಹಲಗೆಯಂತಾಗಿದ್ದರು.

ಹೆಂಗಸರನ್ನು ಆಚೆ ಕಳಿಸಿ ಬಾಗಿಲು ಹಾಕಿಕೊಂಡೆವು. ಚಿಕ್ಕಪ್ಪ, ನಾನು, ಊರಿನ ಇನ್ನಿಬ್ಬರು. ನಾವು ಎಷ್ಟು ಗದರಿದರೂ ತಂಗಿ ಮಾತ್ರ ಹೋಗದೆ ಗೋಡೆಗೆ ಒರಗಿ ನಿಂತುಬಿಟ್ಟಳು. ಬಿಸಿನೀರು ಹುಯ್ದೆವು, ಒತ್ತಿದೆವು. ಒತ್ತಿದಷ್ಟೂ ಕಾಲು ವಾಪಸ್ಸು ಬರುತ್ತಿತ್ತು. ಒಂದು ಸದ್ದೂ ಕೇಳಿಸಿತು, ಅದನ್ನು ಬರೆಯಲು ನನಗೆ ಆಗುವುದಿಲ್ಲ. ಅಂತೂ ಕೂರಿಸಿದೆವು. ಚಿಕ್ಕಪ್ಪ ಬಾಗಿಲು ತೆಗೆದು ಅವ್ವನಿಗೆ ಹೇಳಿದರು, "ಪೂಜೆಗೆ ಕುಂತಂಗೆ ಕುಂತ್ರು ಕಣತ್ತಿಗೆ. ಏನೂ ಕಷ್ಟ ಆಗ್ನಿಲ್ಲ."

ಅವ್ವ ಈ ಎರಡು ವರ್ಷ ಬದುಕಿದ್ದು ಆ ಒಂದು ಮಾತಿನ ಮೇಲೆ. ಮಾತಾಡಿಸಲು ಯಾರೇ ಬರಲಿ, ಕಾಫಿ ಕೊಟ್ಟು ಅದನ್ನೇ ಹೇಳುತ್ತಿದ್ದಳು. ಪುಣ್ಯವಂತರಿಗೆ ಮಾತ್ರ ಮೈ ಹಾಗೆ ಬಾಗುತ್ತದೆ ಅನ್ನುವುದು ಅವಳ ನಂಬಿಕೆ. ನಾವು ಯಾರೂ ತುಟಿ ಬಿಚ್ಚಿರಲಿಲ್ಲ.

ಈಗ ವೇದಿಕೆಯ ಮೇಲೆ ನಾಲ್ವರು ಆ ಹುಡುಗನ ಸುತ್ತ ನಿಂತಿದ್ದರು. ಅವರಲ್ಲಿ ತಂಗಿಯೂ ಒಬ್ಬಳು. ಸಂಗೀತ ಇಲ್ಲ. ಒಬ್ಬ ಮಂಡಿ ಒತ್ತಿದ, ಕಾಲು ಚಿಮ್ಮಿ ವಾಪಸ್ಸು ಬಂತು. ಮತ್ತೆ ಒತ್ತಿದ, ಮತ್ತೆ ಬಂತು. ಎಲ್ಲರ ಏದುಸಿರು ಹಿಂದಿನ ಸಾಲಿನವರೆಗೂ ಕೇಳಿಸುತ್ತಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕು "ಯೋಗಾಸನ ಕಲಿಸ್ತಾವ್ರೆ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ನಕ್ಕವನ ಮೇಲೋ ತಂಗಿಯ ಮೇಲೋ, ಆಗ ತಿಳಿಯಲಿಲ್ಲ. ಅವ್ವನ ತೋಳು ಹಿಡಿದೆ.

"ಏಳವ್ವ, ಆಚೆ ಹೋಗಾನ. ಸೆಕೆ ಇಲ್ಲಿ."

"ಕೂತ್ಕೊ" ಅಂದಳು ಅವ್ವ. ನನ್ನ ಕಡೆ ತಿರುಗಲಿಲ್ಲ.

ಕೊನೆಗೆ ಅವನನ್ನು ಕೂರಿಸಿದರು, ಬೀಳದಂತೆ ಎದೆಗೆ ಪಂಚೆ ಸುತ್ತಿ ಕಂಬಕ್ಕೆ ಕಟ್ಟಿದರು, ವಿಭೂತಿ ಬಳಿದರು. ದೀಪ ಆರಿತು. ಜನ ತುಂಬಾ ಹೊತ್ತು ಚಪ್ಪಾಳೆ ತಟ್ಟಿದರು. ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಇನ್ನೂ ಬೇರೆ ನೃತ್ಯಗಳಿದ್ದವು. ಅವು ಏನು ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ.

ಮುಗಿದ ಮೇಲೆ ಸಭಾಂಗಣದ ಹಿಂದೆ, ಜೀಪುಗಳು ನಿಂತಿದ್ದ ಕಡೆ, ತಂಗಿ ಟವೆಲ್ಲು ಹೊದ್ದು ಬಂದಳು. ಕೈಯಲ್ಲಿ ಇನ್ನೂ ವಿಭೂತಿ ಇತ್ತು. ನಾನು ಬಾಯಿಗೆ ಬಂದಂತೆ ಬೈದೆ. "ಬುದ್ಧಿ ನೆಟ್ಟಗಿದ್ಯೇನೆ ನಿಂಗೆ? ಅಪ್ಪನ ಕಾಲ್ನ ಟಿಕೆಟ್ ಇಟ್ಟು ತೋರಿಸ್ತೀಯಾ? ಅವ್ವನ್ನ ಕರೆಸಿ ಮುಂದೆ ಕೂರಿಸಿ ಈ ಕೆಲಸ ಮಾಡ್ತೀಯಾ?"

ಅವಳು ಅಳಲಿಲ್ಲ. "ಎರಡು ವರ್ಷದಿಂದ ಬೇರೆ ಏನ್ ಮಾಡೋಕ್ ಹೋದ್ರೂ ನನ್ ಮೈ ಅದನ್ನೇ ಮಾಡ್ತದೆ ಅಣ್ಣ. ನೀವು ಸುಳ್ಳು ಹೇಳಿ ಕೈ ತೊಳ್ಕೊಂಡ್ರಿ. ನಾನು ಅವ್ವನ ಮುಖ ನೋಡೋಕಾಗ್ದೆ ಊರಿಗೆ ಬರೋದೇ ಬಿಟ್ಟೆ, ಗೊತ್ತಾ?" ಅಂದಳು. ಆಮೇಲೆ ದನಿ ಸಣ್ಣದು ಮಾಡಿ, "ಅವ್ವಂಗೆ ಗೊತ್ತಾಗ್ತದೆ ಅಂತ ಗೊತ್ತಿತ್ತು. ಅದೂ ನಿಜ."

ನನಗೆ ಕಪಾಳಕ್ಕೆ ಬಿಗಿಯುವಷ್ಟು ಕೋಪ ಬಂದಿತ್ತು. ಅಷ್ಟರಲ್ಲಿ ಅವ್ವ ನಮ್ಮಿಬ್ಬರ ಮಧ್ಯೆ ಬಂದು ನಿಂತಳು. ತಂಗಿಯ ಕೈ ಹಿಡಿದು, ಅಡುಗೆಯ ವಿಷಯ ಕೇಳುವ ಹಾಗೆ ಕೇಳಿದಳು.

"ಆ ಹುಡ್ಗಂಗೆ ಬಲಗಾಲ್ ಮೊದ್ಲು ಮಡಿಸಿದ್ರಲ್ಲ. ಅಪ್ಪಂಗೂ ಹಂಗೇ ಮಾಡಿದ್ರಾ?"

ತಂಗಿ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ.

"ಅಪ್ಪಂಗೆ ಬಲಮಂಡಿ ಮಡಿಸಕ್ಕೆ ಆಯ್ತಿರ್ನಿಲ್ಲ ಕಣೋ. ಗಾಡಿಯಿಂದ ಬಿದ್ದಾಗಿಂದ್ಲೂ ಅಷ್ಟೇಯ. ದಿನಾ ಬೆಳಿಗ್ಗೆ ನಾನು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ, ಎಡಗಾಲು ಮಡಿಸಿ, ಆಮೇಲ್ ಮೆಲ್ಲಗೆ ಬಲಗಾಲು ತಂದು ಮ್ಯಾಲಿಟ್ರೆ ಪೂಜೆಗೆ ಕೂರೋರು. ಹಂಗಲ್ದಿದ್ರೆ ಜೀವ ಇದ್ದಾಗ್ಲೇ ಮಡಿಸ್ತಿರ್ನಿಲ್ಲ." ಅವ್ವ ತಂಗಿಯ ಅಂಗೈಯ ವಿಭೂತಿಯನ್ನು ಸೆರಗಿನಿಂದ ಒರೆಸಿದಳು. "ನಾನು ಬಾಗ್ಲಾಚೆನೇ ಕುಂತಿದ್ನಲ್ಲ. ಒಂದ್ ಮಾತು ಕರೆದಿದ್ರೆ ಬರ್ತಿದ್ದೆ. ಬಲಗಾಲು ಯಾರ್ ಒತ್ತಿದ್ದು?"

"ನಾನೇ ಅವ್ವ."

ಅವಳು ನನ್ನನ್ನು ಬೈಯಲಿಲ್ಲ. ತಲೆ ಆಡಿಸಿ ಕಾರಿನ ಕಡೆ ನಡೆಯತೊಡಗಿದಳು.

"ನೋವಾಗಿರ್ತದೆ ಅವ್ರಿಗೆ" ಅಂದಳು.